ಹೆಸ್ಟನ್ ಬ್ಲೂಮೆಂಥಾಲ್: ಮಾಂಸದ ರಸ, ಆಲೂಗಡ್ಡೆಯ ಬಿರುಕು

ಲಂಡನ್ನಿನ ಪಶ್ಚಿಮಕ್ಕೆ, ಮೇಡನ್‌ಹೆಡ್ ಪಟ್ಟಣದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಥೇಮ್ಸ್ ನದಿಯ ದಡಕ್ಕೆ ಬ್ರೇ ಎಂಬ ಪುಟ್ಟ ಹಳ್ಳಿಯಿದೆ. ಹಳೆಯ ಚರ್ಚು, ಇಟ್ಟಿಗೆ ಮತ್ತು ಮರದ ತೊಲೆಗಳ ಮನೆಗಳು, ಕಿರಿದಾದ ಒಂದು ಮುಖ್ಯ ಬೀದಿ, ಇಷ್ಟೇ ಊರು. ಆದರೆ ಈ ಊರಿನಲ್ಲಿ, ರೆಸ್ಟೋರೆಂಟುಗಳಿಗೆ ದರ್ಜೆ ಕೊಡುವ ಮಿಶೆಲಿನ್ ಗೈಡಿನ ಅತ್ಯುನ್ನತ ದರ್ಜೆಯಾದ ಮೂರು ತಾರೆ ಪಡೆದ ರೆಸ್ಟೋರೆಂಟು ಒಂದಲ್ಲ, ಎರಡು. ನದಿಗೆ ಮುಖ ಮಾಡಿಕೊಂಡಿರುವ ವಾಟರ್‌ಸೈಡ್ ಇನ್ ಫ್ರೆಂಚ್ ಮೂಲದ ರೂ ಸಹೋದರರು ಕಟ್ಟಿದ್ದು. ಇನ್ನೊಂದು, ಬೀದಿಯ ಬದಿಯಲ್ಲಿ ಸುಣ್ಣ ಬಳಿದ ತಗ್ಗು ಕಟ್ಟಡದಲ್ಲಿರುವ ಫ್ಯಾಟ್ ಡಕ್. ಸ್ಲೌ, ಮೇಡನ್‌ಹೆಡ್, ರೆಡಿಂಗ್ ಕಡೆ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಎಷ್ಟೋ ಮಂದಿ ವಾರಾಂತ್ಯದ ತಿರುಗಾಟದಲ್ಲಿ ಅದರ ಮುಂದೆ ಹಾದುಹೋಗಿರುತ್ತಾರೆ, ಅದೇನೆಂದು ಗಮನಿಸಿರುವುದಿಲ್ಲ. ನಾನೂ ಮೊದಲು ಕಂಡದ್ದು ಬಾಗಿಲ ಮೇಲೆ ತೂಗುವ ಫಲಕವನ್ನು ಮಾತ್ರ: ಬಾತುಕೋಳಿಯ ಪಾದದಂತಿರುವ ಫೋರ್ಕು, ಗರಿಯಂತಿರುವ ಚಾಕು, ಕೊಕ್ಕಿನಂತಿರುವ ಚಮಚ. ಹೆಸರೇ ಇಲ್ಲದ ಆ ಫಲಕದ ಹಿಂದಿರುವ ಮನುಷ್ಯನ ಬಗ್ಗೆ ಕುತೂಹಲ ಹುಟ್ಟಿದ್ದು ಅಲ್ಲಿಂದ.

ಆ ಮನುಷ್ಯ ಹೆಸ್ಟನ್ ಬ್ಲೂಮೆಂಥಾಲ್. ನಾನು ಸಸ್ಯಾಹಾರಿ, ಅವನ ಹೆಸರು ಹೇಳಿದೊಡನೆ ಜನ ನೆನೆಯುವ ತಿನಿಸುಗಳಲ್ಲಿ ಹೆಚ್ಚಿನವನ್ನು ನಾನು ಎಂದೂ ತಿನ್ನುವವನಲ್ಲ, ಅವನ ಮೇಜಿನ ದರ ಕೊಡಬಲ್ಲ ಸ್ಥಿತಿಯೂ ನನ್ನದಲ್ಲ. ಆದರೂ ಅವನ ಬದುಕನ್ನು ವರ್ಷಗಳಿಂದ ಹಿಂಬಾಲಿಸಿಕೊಂಡು ಬಂದಿದ್ದೇನೆ. ಬಸವನಹುಳುವಿನ ಗಂಜಿ, ಹಂದಿಮಾಂಸ ಮತ್ತು ಮೊಟ್ಟೆಯ ಐಸ್‌ಕ್ರೀಮು, ಹೊಗೆಯಾಡುವ ದ್ರವ ನೈಟ್ರೋಜನ್ ಇವೇ ಅವನ ಸಾಧನೆಯೆಂದು ಪತ್ರಿಕೆಗಳು ಬರೆಯುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಅಡುಗೆಮನೆಯಲ್ಲಿ ಎಲ್ಲರೂ ನಿಜವೆಂದು ಒಪ್ಪಿಕೊಂಡಿರುವ ಮಾತನ್ನು ಎತ್ತಿಕೊಂಡು, ಅದು ಹೌದೇ ಎಂದು ಒಲೆಯ ಮುಂದೆ ನಿಂತು ನೋಡುವುದು ಅವನ ನಿಜವಾದ ಕಸುಬು. ಉಳಿದ ಆಡಂಬರವೆಲ್ಲ ಅದರ ಮೇಲೆ ಬೆಳೆದದ್ದು, ಕೆಲವು ಸಲ ಅದನ್ನು ಮರೆಮಾಡಿದ್ದೂ ಹೌದು.

ಹೆಸ್ಟನ್ ಹುಟ್ಟಿದ್ದು 1966ರ ಮೇ 27ರಂದು, ಲಂಡನ್ನಿನಲ್ಲಿ. ಊಟದ ವಿಷಯದಲ್ಲಿ ಆ ಕಾಲದ ಇಂಗ್ಲೆಂಡಿಗೆ ಒಳ್ಳೆಯ ಹೆಸರೇನೂ ಇರಲಿಲ್ಲ. ಹದಿನಾರರ ವಯಸ್ಸಿನಲ್ಲಿ ತಂದೆತಾಯಿಯ ಜೊತೆ ಫ್ರಾನ್ಸಿನ ಪ್ರೊವಾನ್ಸ್ ಸೀಮೆಗೆ ಹೋದಾಗ, ಲೆ ಬೋ ಎಂಬ ಊರಿನ ಬಂಡೆಗಳ ಬುಡದಲ್ಲಿರುವ ಬೊಮಾನಿಯೇರ್ ಎಂಬ ಹೆಸರಾಂತ ರೆಸ್ಟೋರೆಂಟಿನಲ್ಲಿ ಒಂದು ಸಂಜೆ ಊಟ ಮಾಡಿದರು. ಆ ಊಟವನ್ನು ಅವನು ಮುಂದೆ ಲೆಕ್ಕವಿಲ್ಲದಷ್ಟು ಸಲ ವಿವರಿಸಿದ್ದಾನೆ. ಆ ವಿವರಣೆಗಳಲ್ಲಿ ನನಗೆ ವಿಶೇಷವಾಗಿ ಕಾಣುವುದೆಂದರೆ, ತಿಂದ ಪದಾರ್ಥಕ್ಕಿಂತ ಹೆಚ್ಚಾಗಿ ಅವನು ಸುತ್ತಲಿನ ಸಂಗತಿಗಳನ್ನು ನೆನೆಯುವುದು: ಜಲ್ಲಿಕಲ್ಲಿನ ಮೇಲೆ ಪರಿಚಾರಕರ ಹೆಜ್ಜೆಯ ಸದ್ದು, ಜೀರುಂಡೆಗಳ ಕೂಗು, ಗಾಳಿಯಲ್ಲಿ ಲ್ಯಾವೆಂಡರ್ ಪರಿಮಳ, ಮೇಜಿನ ಬಳಿಯೇ ಕುರಿಮಾಂಸವನ್ನು ಕೊಯ್ದು ಬಡಿಸುವ ಕೈಚಳಕ. ರುಚಿಯೆಂಬುದು ನಾಲಗೆಯೊಂದರ ವ್ಯವಹಾರವಲ್ಲ ಎಂಬ ಅವನ ಮುಂದಿನ ಸಿದ್ಧಾಂತದ ಬೀಜ ಆ ಹುಡುಗನ ಕಿವಿ ಮೂಗುಗಳಲ್ಲಿ ಅಂದೇ ಬಿದ್ದಿತ್ತು ಎನ್ನಬಹುದು.

ಬಾಣಸಿಗನಾಗಬೇಕೆಂದು ಅಂದೇ ನಿಶ್ಚಯಿಸಿದನಾದರೂ ಅವನು ಯಾವ ದೊಡ್ಡ ಅಡುಗೆಮನೆಯಲ್ಲೂ ಶಿಷ್ಯವೃತ್ತಿ ಮಾಡಲಿಲ್ಲ. ಹೆಸರಾಂತ ಬಾಣಸಿಗ ರೇಮಂಡ್ ಬ್ಲಾಂಕನ ಮನೋರ್ ಹೋಟೆಲಿನಲ್ಲಿ ಒಂದು ವಾರ ನಿಂತದ್ದೇ ಹೆಚ್ಚು. ಅಲ್ಲಿ ಮಾರ್ಕೋ ಪಿಯರ್ ವೈಟ್ ಎಂಬ ಇನ್ನೊಬ್ಬ ಬಿರುಗಾಳಿಯಂಥ ಯುವ ಬಾಣಸಿಗನ ಸ್ನೇಹವಾಯಿತು. ಉಳಿದಂತೆ ಹೊಟ್ಟೆಪಾಡಿಗಾಗಿ ಫೋಟೊಕಾಪಿ ಯಂತ್ರ ಮಾರಿದ, ಸಾಲ ವಸೂಲಿ ಮಾಡಿದ. ರಾತ್ರಿ ನಿಘಂಟು ಇಟ್ಟುಕೊಂಡು ಫ್ರೆಂಚ್ ಪಾಕಗ್ರಂಥಗಳನ್ನು ಪದಪದವಾಗಿ ಬಿಡಿಸಿ ಓದಿದ, ಒಂದೇ ಅಡುಗೆಯನ್ನು ಬೇರೆ ಬೇರೆ ಪುಸ್ತಕಗಳು ಹೇಳಿದ ಬೇರೆ ಬೇರೆ ಕ್ರಮದಲ್ಲಿ ಮಾಡಿ ತಾಳೆ ನೋಡಿದ. ಗುರುವಿನ ಎದುರು ನಿಂತು ಕಲಿತವನಿಗೆ ಗುರು ಹೇಳಿದ್ದೇ ಪ್ರಮಾಣ. ಪುಸ್ತಕಗಳ ನಡುವೆ ಕುಳಿತು ಕಲಿತವನಿಗೆ ಇಬ್ಬರು ದೊಡ್ಡವರು ಒಂದೇ ವಿಷಯಕ್ಕೆ ಎರಡು ಮಾತು ಹೇಳುವುದು ಕಣ್ಣಿಗೆ ಹೊಡೆಯುತ್ತದೆ.

ಹೀಗಿರುವಾಗ ಕೈಗೆ ಸಿಕ್ಕಿದ್ದು ಅಮೆರಿಕದ ಹೆರಾಲ್ಡ್ ಮೆಗೀ 1984ರಲ್ಲಿ ಪ್ರಕಟಿಸಿದ, ಅಡುಗೆಯ ವಿಜ್ಞಾನವನ್ನು ಕುರಿತ ದೊಡ್ಡ ಗ್ರಂಥ. ಮಾಂಸವನ್ನು ಮೊದಲು ಜೋರು ಉರಿಯಲ್ಲಿ ಕಂದು ಬಣ್ಣ ಬರುವಂತೆ ಹುರಿದರೆ ಮೇಲ್ಪದರ ಮುಚ್ಚಿಕೊಂಡು ಒಳಗಿನ ರಸ ಉಳಿಯುತ್ತದೆ ಎಂಬುದು, ಹತ್ತೊಂಬತ್ತನೆಯ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್ ಪ್ರಚುರಪಡಿಸಿದ ಕಾಲದಿಂದ ಯೂರೋಪಿನ ಬಾಣಸಿಗರೆಲ್ಲ ನಂಬಿಕೊಂಡು ಬಂದ ಸೂತ್ರವಾಗಿತ್ತು. ಅದು ಸುಳ್ಳು ಎಂದು ಮೆಗೀ ನೇರವಾಗಿ ಬರೆದಿದ್ದ. ಬಾಣಲೆಯಲ್ಲಿ ಮಾಂಸ ಚುರುಗುಟ್ಟುವ ಸದ್ದೇ ರಸ ಹೊರಬರುತ್ತಿರುವುದಕ್ಕೆ ಸಾಕ್ಷಿ. ಮೇಲ್ಪದರ ಮುಚ್ಚಿಕೊಂಡಿದ್ದರೆ ಆ ಸದ್ದು ಎಲ್ಲಿಂದ ಬರಬೇಕು? ಕಂದುಬಣ್ಣದಿಂದ ಸಿಗುವುದು ಸ್ವಾದವೇ ಹೊರತು ರಸದ ಉಳಿತಾಯವಲ್ಲ. ಇಷ್ಟು ಮೂಲಭೂತವಾದ ಮಾತೇ ತಪ್ಪಾಗಿದ್ದರೆ ಉಳಿದವುಗಳಲ್ಲಿ ಎಷ್ಟು ನಿಜ ಎಂಬ ಅನುಮಾನ ಹೆಸ್ಟನನ ತಲೆ ಹೊಕ್ಕಿತು, ಮತ್ತೆ ಹೊರಗೆ ಹೋಗಲೇ ಇಲ್ಲ. ಸ್ಟೇಕು ಎಂಬ ದಪ್ಪ ಮಾಂಸದ ತುಂಡನ್ನು ಒಂದೇ ಸಲ ತಿರುವಬೇಕೆಂಬ ಕಟ್ಟಳೆಯನ್ನು ಮುರಿದು ಹದಿನೈದು ಇಪ್ಪತ್ತು ಸೆಕೆಂಡಿಗೊಮ್ಮೆ ತಿರುವುವ ಅವನ ಪದ್ಧತಿ, ಅತಿ ಕಡಿಮೆ ಉಷ್ಣತೆಯಲ್ಲಿ ಗಂಟೆಗಟ್ಟಲೆ ಬೇಯಿಸುವ ಪದ್ಧತಿ ಎಲ್ಲವೂ ಇದೇ ಅನುಮಾನದ ಮಕ್ಕಳು. ಮುಂದೆ ಅವನಿಗೆ ವಂಶಲಾಂಛನ ದೊರೆತಾಗ ಅದಕ್ಕೆ ಆರಿಸಿಕೊಂಡ ಧ್ಯೇಯವಾಕ್ಯವೂ 'ಎಲ್ಲವನ್ನೂ ಪ್ರಶ್ನಿಸು' ಎಂಬುದೇ.

1995ರ ಆಗಸ್ಟಿನಲ್ಲಿ, ಬ್ರೇ ಊರಿನ ಒಂದು ಹಾಳುಬಿದ್ದ ಪಬ್ಬನ್ನು ಕೊಂಡು ಫ್ಯಾಟ್ ಡಕ್ ತೆರೆದ. ನಾಲ್ಕೂವರೆ ಶತಮಾನ ಹಳೆಯ ಕಟ್ಟಡ, ಇಕ್ಕಟ್ಟಾದ ಅಡುಗೆಮನೆ, ಒಂದೇ ಬಾಗಿಲು, ಹೊರಗೆ ಶೌಚಾಲಯ. ಆರಂಭದ ದಿನಗಳಲ್ಲೇ ಒಲೆಯೊಂದು ಸಿಡಿದು, ತಣ್ಣನೆಯ ಬಟಾಣಿ ಚೀಲವನ್ನು ತಲೆಗೆ ಒತ್ತಿಕೊಂಡು ಅಡುಗೆ ಮಾಡಿದ್ದುಂಟು. ಆಗ ಅಲ್ಲಿ ಸಿಗುತ್ತಿದ್ದದ್ದು ಸ್ಟೇಕು, ಚಿಪ್ಸು, ನಿಂಬೆಯ ಟಾರ್ಟು ಮುಂತಾದ ಸಾದಾ ಫ್ರೆಂಚ್ ಊಟ. ಅನಿಲದ ಒತ್ತಡ ಎಷ್ಟು ಕಡಿಮೆಯಿತ್ತೆಂದರೆ ಕುದಿಯುವ ನೀರಿಗೆ ಹುರುಳಿಕಾಯಿ ಹಾಕಿದೊಡನೆ ಕುದಿ ನಿಂತುಹೋಗುತ್ತಿತ್ತು, ಹಾಗಾಗಿ ದೊಡ್ಡ ಪಾತ್ರೆಯಲ್ಲಿ ಒಂದೊಂದು ಹಿಡಿಯಷ್ಟೇ ಬೇಯಿಸಬೇಕಿತ್ತು. ಉಪ್ಪು ಹಾಕಿದರೆ ಹಸಿರು ಉಳಿಯುತ್ತದೆ ಎನ್ನುತ್ತಾರಲ್ಲ, ಏಕೆ ಎಂದು ಕೇಳಿಕೊಂಡು ಅವನು ಬ್ರಿಸ್ಟಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪೀಟರ್ ಬಾರಮ್ ಅವರನ್ನು ಸಂಪರ್ಕಿಸಿದ. ಉಪ್ಪಿನ ಪಾತ್ರ ಏನೂ ಇಲ್ಲವೆಂದೂ, ನೀರಿನಲ್ಲಿರುವ ಕ್ಯಾಲ್ಸಿಯಮ್ಮಿನ ಕಡೆ ನೋಡಬೇಕೆಂದೂ ತಿಳಿಯಿತು. ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಎಷ್ಟು ಕೂಗು ಹಾಕಿಸಿದರೂ ಕರಗುವುದಿಲ್ಲ ಎಂದು ನಮ್ಮ ಮನೆಗಳಲ್ಲಿ ಗೊಣಗುತ್ತಾರಲ್ಲ, ಅದರ ಹಿಂದೆಯೂ ಇರುವುದು ನೀರಿನ ಇದೇ ಗಡಸುತನ. ಬೇಳೆಗೆ ಮೊದಲೇ ಉಪ್ಪು ಹಾಕಿದರೆ ಬೇಯುವುದಿಲ್ಲ ಎಂಬ ಮಾತನ್ನು ನಾವು ಯಾರೂ ಪರೀಕ್ಷಿಸಿ ನೋಡದೆ ತಲೆಮಾರುಗಳಿಂದ ದಾಟಿಸುತ್ತ ಬಂದಿದ್ದೇವೆ.

ಈಗ ಚಿಪ್ಸಿನ ಮಾತಿಗೆ ಬರುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಅವನ ಶ್ರೇಷ್ಠ ಕೃತಿ ಇದೇ. ಇಂಗ್ಲಿಷರ ಚಿಪ್ಸು ಎಂದರೆ ಬೆರಳಿಗಿಂತ ದಪ್ಪಗೆ ಹೆಚ್ಚಿ ಕರಿದ ಆಲೂಗಡ್ಡೆಯ ತುಂಡು. ಕರಿದು ತಟ್ಟೆಗೆ ಹಾಕಿದ ಐದು ನಿಮಿಷದಲ್ಲಿ ಮೆತ್ತಗಾಗುವುದು ಅದರ ಹುಟ್ಟುಗುಣ. ಒಳಗಿನ ನೀರು ಆವಿಯಾಗಿ ಹೊರಬರುತ್ತ ಗರಿಗರಿಯಾದ ಹೊರಪದರವನ್ನು ಮತ್ತೆ ನೆನೆಸುವುದೇ ಇದಕ್ಕೆ ಕಾರಣ. ರೆಸ್ಟೋರೆಂಟು ತೆರೆಯುವ ಮುಂಚಿನಿಂದಲೇ ಹೆಸ್ಟನ್ ಇದರ ಬೆನ್ನು ಹತ್ತಿದ್ದ. ಚಿಪ್ಸಿಗೆ ಸಣ್ಣ ತೂತು ಕೊರೆದು ಆವಿ ಹೊರಹೋಗುವಂತೆ ಮಾಡುವವರೆಗೆ ಏನೇನೋ ಪ್ರಯೋಗ ನಡೆಯಿತು. ಕೊನೆಗೆ ನಿಂತ ಕ್ರಮ ಹೀಗಿದೆ: ಮಾರಿಸ್ ಪೈಪರ್‌ನಂಥ ಹಿಟ್ಟುಹಿಟ್ಟಾದ ಆಲೂಗಡ್ಡೆಯನ್ನು ಎರಡು ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ, ಹರಿಯುವ ನೀರಿನಲ್ಲಿ ಪಿಷ್ಟ ಹೋಗುವಂತೆ ತೊಳೆದು, ಇನ್ನೇನು ಮುರಿದುಬೀಳುತ್ತದೆ ಎನ್ನುವವರೆಗೆ ನೀರಿನಲ್ಲಿ ಬೇಯಿಸುವುದು. ಜಾಲರಿಯ ಮೇಲೆ ಹರಡಿ, ಫ್ರೀಜರಿನಲ್ಲಿಟ್ಟು ತೇವ ಹೋಗಲಾಡಿಸುವುದು. 130 ಡಿಗ್ರಿ ಎಣ್ಣೆಯಲ್ಲಿ ತೆಳುವಾದ ಪದರ ಬರುವಷ್ಟು ಕರಿದು ಮತ್ತೆ ತಣಿಸುವುದು. ಕಡೆಗೆ 180 ಡಿಗ್ರಿಯಲ್ಲಿ ಹೊಂಬಣ್ಣ ಬರುವವರೆಗೆ ಕರಿಯುವುದು.

ಎಲ್ಲ ಗುಟ್ಟೂ ಮೊದಲ ಹಂತದಲ್ಲಿದೆ ಎಂಬುದು ನಾನೇ ಮಾಡಿ ನೋಡಿದಾಗ ಅರ್ಥವಾಯಿತು. ಬೆಂದ ತುಂಡಿನ ಅಂಚುಗಳಲ್ಲಿ ಕೆರೆ ಬತ್ತಿದ ನೆಲದಂತೆ ಸಣ್ಣ ಸಣ್ಣ ಬಿರುಕುಗಳು ಮೂಡುತ್ತವೆ. ಜಾಲರಿಯ ಮೇಲೆ ಆರಿದಂತೆ ಮೇಲ್ಮೈ ಸುಣ್ಣ ಬಳಿದ ಹಾಗೆ ಮಂಕಾಗಿ ಒರಟಾಗುತ್ತದೆ. ಕರಿಯುವಾಗ ಎಣ್ಣೆ ಇಳಿಯುವುದು ಆ ಬಿರುಕುಗಳೊಳಕ್ಕೆ, ಗಾಜಿನಂತೆ ಗಟ್ಟಿಯಾಗುವುದೂ ಅಲ್ಲಿಯೇ. ಒಂದು ನಿಮಿಷ ಮೊದಲೇ ನೀರಿನಿಂದ ತೆಗೆದರೆ ಬಿರುಕು ಬರುವುದಿಲ್ಲ, ಒಂದು ನಿಮಿಷ ತಡವಾದರೆ ಪಾತ್ರೆಯಲ್ಲಿ ಪಲ್ಯ ಉಳಿಯುತ್ತದೆ. ಹಪ್ಪಳ ಸಂಡಿಗೆ ಒಣಗಿಸುವವರಿಗೆ ತೇವ ಹೋಗದೆ ಗರಿ ಬರದು ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ; ಆದರೆ ಗರಿಗಾಗಿ ಮೊದಲು ಮೆತ್ತಗೆ ಬೇಯಿಸು ಎನ್ನುವುದಕ್ಕೆ ಬೇರೆಯ ಧೈರ್ಯ ಬೇಕು. ಇಂದು ಇಂಗ್ಲೆಂಡಿನಲ್ಲಿ ಯಾವ ಪಬ್ಬಿಗೆ ಹೋದರೂ ಮೂರು ಸಲ ಬೇಯಿಸಿದ ಚಿಪ್ಸು ಮೆನುವಿನಲ್ಲಿರುತ್ತದೆ. ಅದು ಯಾರ ಕೈಯಿಂದ ಬಂದದ್ದೆಂದು ತಿನ್ನುವವರಿಗೂ ಗೊತ್ತಿಲ್ಲ, ಬಡಿಸುವವರಿಗೂ ಗೊತ್ತಿಲ್ಲ. ಅವುಗಳಲ್ಲಿ ಹಲವು ಮೂರು ಸಲ ಬೆಂದವೂ ಅಲ್ಲ ಎಂಬುದು ನನ್ನ ಗುಮಾನಿ.

ಕೀರ್ತಿ ಬಂದದ್ದು ಬೇರೆಯ ದಾರಿಯಿಂದ. ಮೊದಲ ತಾರೆ 1999ರಲ್ಲಿ, ಎರಡನೆಯದು ಕೆಲವು ವರ್ಷದ ನಂತರ, ಮೂರನೆಯದು 2004ರಲ್ಲಿ. ಮೂರನೆಯ ತಾರೆಯ ಸುದ್ದಿ ಬಂದಾಗ ಫ್ಯಾಟ್ ಡಕ್ ಸಂಬಳ ಕೊಡಲೂ ಹಣವಿಲ್ಲದೆ ಮುಚ್ಚುವ ಅಂಚಿನಲ್ಲಿತ್ತು ಎಂಬುದನ್ನು ಅವನೇ ಹೇಳಿಕೊಂಡಿದ್ದಾನೆ. ಮರುವರ್ಷ ಅದು ಜಗತ್ತಿನ ಅತ್ಯುತ್ತಮ ರೆಸ್ಟೋರೆಂಟುಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು.

ಈ ಏರಿಕೆಯ ನಡುವೆ ಅವನ ಪ್ರಶ್ನೆ ಒಲೆಯಿಂದ ತಿನ್ನುವವನ ತಲೆಯೊಳಕ್ಕೆ ಸರಿದಿತ್ತು. ಏಡಿಯ ಅನ್ನದ ಜೊತೆ ಏಡಿಯ ಐಸ್‌ಕ್ರೀಮು ಬಡಿಸಿದಾಗ ಕೆಲವರಿಗೆ ಹಿಡಿಸಲಿಲ್ಲ. ಅದನ್ನೇ ಘನೀಕೃತ ಏಡಿಯ ಕಟ್ಟು ಎಂಬಂಥ ಹೆಸರಿನಲ್ಲಿ ಕೊಟ್ಟರೆ ಒಪ್ಪಿಕೊಂಡರು. ಸಸೆಕ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರ ಜೊತೆ ಸೇರಿ ಇದನ್ನು ಹೊಗೆಮೀನಿನ ಐಸ್‌ಕ್ರೀಮಿನಿಂದ ಪರೀಕ್ಷಿಸಿದರು: ಐಸ್‌ಕ್ರೀಮು ಎಂದು ಹೇಳಿ ಕೊಟ್ಟವರಿಗೆ ಅದು ಅಸಹ್ಯವೆನಿಸಿದ್ದಲ್ಲದೆ, ಸಿಹಿಯಲ್ಲದ ತಿನಿಸು ಎಂದು ಹೇಳಿ ಕೊಟ್ಟವರಿಗಿಂತ ಹೆಚ್ಚು ಉಪ್ಪಾಗಿಯೂ ತೋರಿತು. ಪದಾರ್ಥ ಒಂದೇ, ಉಪ್ಪಿನ ಪ್ರಮಾಣವೂ ಒಂದೇ. 2008ರಲ್ಲಿ ಪ್ರಕಟವಾದ ಆ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಹೆಸ್ಟನನ ಹೆಸರೂ ಇದೆ. ಆಕ್ಸ್‌ಫರ್ಡಿನ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪೆನ್ಸ್ ಜೊತೆಗಿನ ಪ್ರಯೋಗಗಳಲ್ಲಿ, ಕಡಲಿನ ಸದ್ದು ಕೇಳುತ್ತ ತಿಂದ ಸಿಂಪಿಗಳು ಕೊಟ್ಟಿಗೆಯ ಸದ್ದು ಕೇಳುತ್ತ ತಿಂದವಕ್ಕಿಂತ ಹಿತವಾಗಿ ಕಂಡವು. ಅದರ ಫಲ 'ಕಡಲ ಸದ್ದು' ಎಂಬ ತಿನಿಸು: ಮರಳಿನಂತೆ ಕಾಣುವ ಸಬ್ಬಕ್ಕಿಯ ಪುಡಿ, ನೊರೆ, ಮೀನು, ಜೊತೆಗೊಂದು ಶಂಖ, ಅದರೊಳಗಿನ ಐಪಾಡಿನಿಂದ ಹೊರಬರುವ ತಂತಿಯನ್ನು ಕಿವಿಗಿಟ್ಟುಕೊಂಡರೆ ಅಲೆಗಳ ಮೊರೆತ, ಕಡಲಹಕ್ಕಿಗಳ ಕೂಗು. ಲೆ ಬೋ ಊರಿನ ಜೀರುಂಡೆಗಳೇ ಬೇರೆ ವೇಷದಲ್ಲಿ ಬಂದಿವೆ ಎಂದು ನನಗೆ ಅನ್ನಿಸುತ್ತದೆ.

ಇದನ್ನೆಲ್ಲ ಅಣುಪಾಕಶಾಸ್ತ್ರ ಎಂಬ ಹಣೆಪಟ್ಟಿಯಡಿ ಸೇರಿಸುವುದು ವಾಡಿಕೆ. ಆಕ್ಸ್‌ಫರ್ಡಿನ ಭೌತವಿಜ್ಞಾನಿ ನಿಕೊಲಸ್ ಕುರ್ತಿ ಮತ್ತು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಹರ್ವೆ ತಿಸ್ ಸಭೆ ನಡೆಸುವಾಗ ಬಳಕೆಗೆ ತಂದ ಹೆಸರು ಅದು. ಹೆಸ್ಟನ್ ಅದನ್ನು ಒಪ್ಪಲಿಲ್ಲ. 2006ರಲ್ಲಿ ಬಾಣಸಿಗರಾದ ಸ್ಪೇನಿನ ಫೆರಾನ್ ಅದ್ರಿಯಾ, ಅಮೆರಿಕದ ಥಾಮಸ್ ಕೆಲ್ಲರ್ ಮತ್ತು ಲೇಖಕ ಮೆಗೀ ಜೊತೆ ಹೊರಡಿಸಿದ ಹೇಳಿಕೆಯಲ್ಲಿ ತಮ್ಮದು ಹಳೆಯ ಪರಂಪರೆಯ ಮೇಲೆಯೇ ನಿಂತ ಅಡುಗೆ ಎಂದು ಸ್ಪಷ್ಟಪಡಿಸಿದ. ನನಗೆ ಇದಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಇನ್ನೊಂದು ಪ್ರಸಂಗ. ಬಿಳಿ ಚಾಕೊಲೇಟು ಮತ್ತು ಕ್ಯಾವಿಯರ್ ಎಂಬ ಉಪ್ಪು ಹಾಕಿದ ಮೀನಿನ ಮೊಟ್ಟೆ ಒಟ್ಟಿಗೆ ಹೊಂದುತ್ತವೆ ಎಂದು ಕಂಡುಕೊಂಡ ಮೇಲೆ, ಎರಡು ಪದಾರ್ಥಗಳಲ್ಲಿ ಸಮಾನ ಸ್ವಾದದ ಅಣುಗಳಿದ್ದರೆ ಅವು ಕೂಡಿಬರುತ್ತವೆ ಎಂಬ ವಾದವನ್ನು ಅವನೂ ಮುಂದಿಟ್ಟಿದ್ದ. ಅದನ್ನು ಹಿಡಿದು ಜಗತ್ತಿನಾದ್ಯಂತ ಬಾಣಸಿಗರು ಜೋಡಿಗಳನ್ನು ಹುಡುಕತೊಡಗಿದರು. ಕೆಲವು ವರ್ಷಗಳ ಬಳಿಕ, ಪದಾರ್ಥದ ಸ್ವರೂಪ ಇದಕ್ಕಿಂತ ಬಹಳ ಜಟಿಲವಾದದ್ದು, ಈ ಸೂತ್ರ ನಿಲ್ಲುವುದಿಲ್ಲ ಎಂದು ಅವನೇ ಬರೆದ. ಪರರ ನಂಬಿಕೆಯನ್ನು ಅನುಮಾನಿಸುವುದು ಸುಲಭ, ಹೆಸರು ತಂದುಕೊಟ್ಟ ಸ್ವಂತ ಮಾತನ್ನು ಅನುಮಾನಿಸುವವರು ವಿರಳ.

ಟೆಲಿವಿಷನ್ ಅವನನ್ನು ಮನೆಮಾತಾಗಿಸಿತು. ಬಿಬಿಸಿಯ ಸರಣಿಯೊಂದರಲ್ಲಿ ಬ್ರಿಟಿಷರ ಮೆಚ್ಚಿನ ತಿನಿಸುಗಳನ್ನು ಒಂದೊಂದಾಗಿ ಎತ್ತಿಕೊಂಡು ಪರಿಪೂರ್ಣಗೊಳಿಸಲು ಹೊರಟವನು, ಚಿಕನ್ ಟಿಕ್ಕಾ ಮಸಾಲಾಕ್ಕಾಗಿ ದೆಹಲಿಗೂ ಬಂದಿದ್ದ. ಮೊಸರಿನಲ್ಲಿ ನೆನೆಸಿದ ಕೋಳಿಯನ್ನು ಎಂಆರ್‌ಐ ಯಂತ್ರದೊಳಗೆ ಇಟ್ಟು ಮಸಾಲೆ ಎಷ್ಟು ಒಳಗಿಳಿದಿದೆ ಎಂದು ನೋಡಿದ. ಮುಂದಿನ ಕಾರ್ಯಕ್ರಮಗಳು ಜಾತ್ರೆಯಂತಾದವು, ಅವು ನನಗೆ ಸೇರಲಿಲ್ಲ. ಆದರೆ ಹಳೆಯ ಇಂಗ್ಲೆಂಡಿನ ಪಾಕಗಳ ಹುಡುಕಾಟ ಅವುಗಳಲ್ಲೂ ನಡೆದಿತ್ತು. ಅದೇ ಹುಡುಕಾಟ 2011ರಲ್ಲಿ ಲಂಡನ್ನಿನ ಹೈಡ್ ಪಾರ್ಕ್ ಬಳಿ 'ಡಿನ್ನರ್' ಎಂಬ ರೆಸ್ಟೋರೆಂಟಾಗಿ ಮೈದಳೆಯಿತು. ಅಲ್ಲಿನ ಮೆನುವಿನಲ್ಲಿ ಪ್ರತಿ ತಿನಿಸಿನ ಎದುರೂ ಅದರ ಮೂಲದ ಕಾಲವನ್ನು ನಮೂದಿಸಿರುತ್ತಾರೆ. ಕೇಸರಿ ಹಾಕಿದ ಅನ್ನದ ತಿನಿಸೊಂದು 1390ರ ಸುಮಾರಿನದು. ಕಿತ್ತಳೆಯಂತೆ ಕಾಣುವ, ಸಿಪ್ಪೆಯ ರಂಧ್ರಗಳವರೆಗೂ ಕಿತ್ತಳೆಯೇ ಆಗಿರುವ, ಕೊಯ್ದರೆ ಒಳಗೆ ಕೋಳಿಯ ಪಿತ್ತಜನಕಾಂಗದ ಮುದ್ದೆಯಿರುವ 'ಮಾಂಸದ ಹಣ್ಣು' ಅಲ್ಲಿನ ಅತಿ ಪ್ರಸಿದ್ಧ ತಿನಿಸು. ಇಂಗ್ಲಿಷರಿಗೆ ಅಡುಗೆಯ ಇತಿಹಾಸವೇ ಇಲ್ಲ ಎಂದು ಫ್ರೆಂಚರು ನಗುತ್ತಿದ್ದುದಕ್ಕೆ ಇದಕ್ಕಿಂತ ಸಭ್ಯವಾದ ಉತ್ತರವಿರಲಾರದು.

ಪೆಟ್ಟುಗಳೂ ಕಡಿಮೆಯಿರಲಿಲ್ಲ. 2009ರ ಆರಂಭದಲ್ಲಿ ಫ್ಯಾಟ್ ಡಕ್ಕಿನಲ್ಲಿ ಉಂಡವರಿಗೆ ವಾಂತಿಭೇದಿ ಕಾಣಿಸಿಕೊಂಡು, ಐನೂರಕ್ಕೂ ಹೆಚ್ಚು ಮಂದಿ ದೂರು ಹೇಳಿದರು. ಕಾರಣ ಕಲುಷಿತ ಕಡಲಿನಿಂದ ಬಂದ ಸಿಂಪಿಗಳಲ್ಲಿದ್ದ ನೊರೊವೈರಸ್. ಅಧಿಕಾರಿಗಳ ವರದಿ, ವಿಷಯವನ್ನು ತಡವಾಗಿ ತಿಳಿಸಿದ್ದಕ್ಕಾಗಿ ರೆಸ್ಟೋರೆಂಟನ್ನೂ ಟೀಕಿಸಿತು. ಎಲ್ಲವನ್ನೂ ಅಳೆದು ತೂಗುವ ಅಡುಗೆಮನೆಗೇ ಕಣ್ಣಿಗೆ ಕಾಣದ್ದೊಂದು ನುಸುಳಿದ್ದು ವಿಪರ್ಯಾಸ. ಅದಕ್ಕಿಂತ ಕಠಿಣವಾಗಿ ನೋಡಬೇಕಾದದ್ದು ಆ ವಿಳಂಬವನ್ನು. 2012ರಲ್ಲಿ ಹಾಂಗ್‌ಕಾಂಗಿನ ರಸ್ತೆ ಅಪಘಾತದಲ್ಲಿ ಅವನ ತಂಡದ ಇಬ್ಬರು ಬಾಣಸಿಗರು ತೀರಿಕೊಂಡರು. 2015ರಲ್ಲಿ ಬ್ರೇ ಕಟ್ಟಡದ ದುರಸ್ತಿ ನಡೆಯುತ್ತಿದ್ದಾಗ ಫ್ಯಾಟ್ ಡಕ್ ಇಡಿಯಾಗಿ ಆರು ತಿಂಗಳು ಮೆಲ್ಬರ್ನಿಗೆ ಹೋಗಿ ಬಂತು. ಅಲ್ಲಿ ನಂತರ ತೆರೆದ ಡಿನ್ನರ್ ಶಾಖೆ ನೌಕರರಿಗೆ ಸಂಬಳ ಕಡಿಮೆ ಕೊಟ್ಟ ಪ್ರಕರಣದಲ್ಲಿ ಸಿಲುಕಿ 2020ರಲ್ಲಿ ಮುಚ್ಚಿತು.

ಅದೇ ವರ್ಷಗಳಲ್ಲಿ ಬಾಹ್ಯಾಕಾಶಯಾನಿ ಟಿಮ್ ಪೀಕ್‌ಗಾಗಿ ಅವನು ಡಬ್ಬಿಯಲ್ಲಿ ಹಾಕಿ ಕೊಟ್ಟ ಊಟದಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್ಚೂ ಇತ್ತು. ಭೂಮಿಯಿಂದ ದೂರ ಇರುವವನಿಗೆ ಪುಷ್ಟಿಗಿಂತ ಮನೆಯ ನೆನಪು ಮುಖ್ಯ ಎಂಬುದು ಅದರ ಹಿಂದಿನ ಯೋಚನೆ. ಪರದೇಶದಲ್ಲಿ ಅಮ್ಮನ ಉಪ್ಪಿನಕಾಯಿ ಡಬ್ಬಿ ತೆರೆದವರಿಗೆ ಈ ಸಂಶೋಧನೆಗೆ ಪುರಾವೆ ಬೇಕಾಗುವುದಿಲ್ಲ.

2024ರಲ್ಲಿ ಹೆಸ್ಟನ್ ತನಗೆ ಬೈಪೋಲಾರ್, ಅಂದರೆ ಮನಸ್ಸು ಉನ್ಮಾದ ಮತ್ತು ಖಿನ್ನತೆಗಳ ನಡುವೆ ಓಲಾಡುವ ಕಾಯಿಲೆ ಇದೆ ಎಂದು ಬಹಿರಂಗಪಡಿಸಿದ. ಅದಕ್ಕೆ ಮುಂಚೆ ಅವನ ಇಚ್ಛೆ ಮೀರಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಿತ್ತು. ಮರುವರ್ಷ ಬಿಬಿಸಿಯ ಸಾಕ್ಷ್ಯಚಿತ್ರದಲ್ಲಿ ಅದರ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿದ: ಉನ್ಮಾದದ ದಿನಗಳಲ್ಲಿ ಮೇಲಿಂದ ಮೇಲೆ ಹುಟ್ಟುತ್ತಿದ್ದ ಕಲ್ಪನೆಗಳು, ಮನೆಯವರ ಮೇಲೆ ಅದರಿಂದಾದ ಪರಿಣಾಮ, ಔಷಧಿಯಿಂದ ಕಲ್ಪನಾಶಕ್ತಿ ಕುಂದೀತೆಂಬ ಆತಂಕ. ಇದನ್ನು ಕೇಳಿದ ಮೇಲೆ ಅವನ ತಿನಿಸುಗಳೆಲ್ಲ ಕಾಯಿಲೆಯ ಫಲವೆಂದು ಬರೆದವರಿದ್ದಾರೆ. ನಾನು ಹಾಗೆ ಓದಲಾರೆ. ಆಲೂಗಡ್ಡೆಯ ತುಂಡನ್ನು ವರ್ಷಗಟ್ಟಲೆ ಬೇಯಿಸಿ, ಆರಿಸಿ, ಕರಿದು, ಸರಿಯಾಗಲಿಲ್ಲವೆಂದು ಎಸೆದು ಮತ್ತೆ ಹೆಚ್ಚಲು ಕೂರುವುದು ಉನ್ಮಾದದ ಕೆಲಸವಲ್ಲ, ತಾಳ್ಮೆಯ ಕೆಲಸ. ಪ್ರತಿಭೆಗೂ ಕಾಯಿಲೆಗೂ ಗಂಟು ಹಾಕುವ ಚಪಲ ಓದುಗರದು. ಔಷಧಿ ತೆಗೆದುಕೊಳ್ಳಬೇಕಾದವರಿಗೆ ಅದರಿಂದ ಕೇಡೇ ಹೆಚ್ಚು.

ಔಷಧಿಯಿಂದ ತೂಕ ಹೆಚ್ಚಿ, ಅದನ್ನು ಇಳಿಸಲು ಹಸಿವು ಕುಗ್ಗಿಸುವ ಚುಚ್ಚುಮದ್ದು ತೆಗೆದುಕೊಂಡ ಅನುಭವವೂ ಅವನದಾಯಿತು. 2025ರಲ್ಲಿ ಫ್ಯಾಟ್ ಡಕ್ಕಿಗೆ ಮೂವತ್ತು ತುಂಬಿದ ವರ್ಷವೇ ಅಲ್ಲಿ ಚಿಕ್ಕ ಪ್ರಮಾಣದ ಒಂದು ಹೊಸ ಮೆನು ಬಂತು. ಅಂಥ ಚುಚ್ಚುಮದ್ದುಗಳಿಂದಾಗಿ ಜನ ಕಡಿಮೆ ತಿನ್ನತೊಡಗಿದ್ದಾರೆ, ಕಡಿಮೆ ತಿಂದರೂ ಊಟ ಊಟವಾಗಿಯೇ ಇರಬೇಕಲ್ಲ ಎಂಬುದು ಅವನ ವಾದ. ರೆಸ್ಟೋರೆಂಟು ಉದ್ಯಮದಲ್ಲಿ ಬಹುತೇಕರು ಈ ಬದಲಾವಣೆಯನ್ನು ಕಂಡು ಕಂಗಾಲಾಗಿದ್ದಾರೆ. ಹೆಸ್ಟನ್ ಮಾತ್ರ ಹಸಿವಿಲ್ಲದವನ ಬಾಯಲ್ಲಿ ರುಚಿ ಹೇಗೆ ಕೆಲಸ ಮಾಡುತ್ತದೆ ಎಂದು ವಿಚಾರಿಸುತ್ತಿದ್ದಾನೆ, ಈ ಸಲದ ಪ್ರಯೋಗಕ್ಕೆ ಅವನ ದೇಹವೇ ಸಿಕ್ಕಿದೆ.